ತೋಟಕ್ಕೆ 25 ಎಕರೆ, ಹಾಡಿಗೆ ಅರ್ಜಿ ನಮೂನೆ

ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೂ, ಕಾಡಿನೊಳಗೆ ತಲೆತಲಾಂತರದಿಂದ ಬಾಳಿದವರಿಗೂ ನಮ್ಮ ಕಾನೂನು ಹೆಚ್ಚುಕಡಿಮೆ ಒಂದೇ ಗಡುವು ಹಾಕಿದೆ. ಮೊದಲನೆಯವರು 2005ರ ಜನವರಿ 1ಕ್ಕೆ ಮೊದಲೇ ಸಾಗುವಳಿ ಶುರು ಮಾಡಿರಬೇಕು. ಎರಡನೆಯವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ನೆಲದ ಅನುಭವದಲ್ಲಿರಬೇಕು. ಇವೆರಡರ ನಡುವಿನ ಸಾಮ್ಯ ಇಷ್ಟಕ್ಕೇ ಮುಗಿಯುತ್ತದೆ. ಕರ್ನಾಟಕ ಭೂ ಕಂದಾಯ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಬೆಳೆದ ಒತ್ತುವರಿದಾರರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಸಿಗಬಹುದು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಆದಿವಾಸಿ ಕುಟುಂಬಕ್ಕೆ ಸಾಗುವಳಿ ಹಕ್ಕು ಸಿಗುವುದು ಹೆಚ್ಚೆಂದರೆ 4 ಹೆಕ್ಟೇರ್‌ಗೆ, ಅಂದರೆ ಹತ್ತು ಎಕರೆಗೂ ತುಸು ಕಡಿಮೆ. ಅದಕ್ಕೂ ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಸಮಿತಿ ಎಂಬ ಮೂರು ಬಾಗಿಲು ದಾಟಬೇಕು.

ಆ ಬಾಗಿಲು ದಾಟಿದವರು ಬಹಳ ಕಡಿಮೆ. ಅರಣ್ಯ ಹಕ್ಕು ಕಾಯ್ದೆಯಡಿ ಕರ್ನಾಟಕದಲ್ಲಿ ಸುಮಾರು 2.9 ಲಕ್ಷ ಅರ್ಜಿಗಳು ಬಂದಿವೆ. ಹಕ್ಕುಪತ್ರ ಸಿಕ್ಕಿರುವುದು 16 ಸಾವಿರದ ಆಸುಪಾಸಿನಲ್ಲಿ. ತಿರಸ್ಕೃತವಾದವುಗಳಲ್ಲಿ ದೊಡ್ಡ ಪಾಲು ಆದಿವಾಸಿಗಳದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. ಕಾಡಂಚಿನ ಇತರ ರೈತರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ತೋರಿಸಬೇಕು. ಅದು ಅವರಿಂದ ಆಗಲಿಲ್ಲ. ಆದರೆ ಪರಿಶಿಷ್ಟ ಪಂಗಡದವರಿಗೆ ಆ ಷರತ್ತೇ ಇಲ್ಲ. ಹಾಗಿದ್ದೂ ಜೇನು ಕುರುಬರ, ಯರವರ, ಸೋಲಿಗರ ಎಷ್ಟೋ ಹಾಡಿಗಳ, ಪೋಡುಗಳ, ಅಂದರೆ ಕಾಡಿನ ಅವರ ಸಣ್ಣ ಊರುಗಳ, ಅರ್ಜಿ ಇವತ್ತಿಗೂ ಕಡತದಲ್ಲೇ ಇದೆ.

ಈ ಎರಡು ಕಾನೂನುಗಳ ಕಡತಗಳೂ ಓಡಾಡುವುದು ಬೆಂಗಳೂರಿನ ಕೆಲವೇ ಕಿಲೋಮೀಟರ್‌ಗಳ ಒಳಗೆ. ವಿಧಾನಸೌಧದ ಎದುರಿನ ಡಾ. ಅಂಬೇಡ್ಕರ್ ವೀಧಿಯಲ್ಲೇ ಕಾಫಿ ಮಂಡಳಿ ಇದೆ, ಅರಣ್ಯ ಭವನ ಇರುವುದು ಮಲ್ಲೇಶ್ವರದಲ್ಲಿ. ತೋಟಗಾರರ ಸಂಘದವರು ಬೆಳಿಗ್ಗೆ ಕಾರಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಮಂತ್ರಿಗಳನ್ನು ಕಂಡು ಬರುತ್ತಾರೆ. ವಿರಾಜಪೇಟೆ ಕಡೆಯ ಹಾಡಿಯವರು ಬರಬೇಕಾದರೆ ಕೂಲಿ ಬಿಡಬೇಕು, ರಾತ್ರಿ ಬಸ್ ಹಿಡಿಯಬೇಕು, ಫ್ರೀಡಂ ಪಾರ್ಕಿನಲ್ಲಿ ಕೂತು ಯಾರಾದರೂ ಬಂದು ಮನವಿ ಪತ್ರ ತೆಗೆದುಕೊಳ್ಳಲಿ ಎಂದು ಕಾಯಬೇಕು. ಈ ಅಂತರದ ಫಲ ಕಾನೂನಿನ ಅಕ್ಷರಗಳಲ್ಲೂ ಕಾಣುತ್ತದೆ ಎಂಬುದು ನನ್ನ ವಾದ. ನೆಲದ ಮೇಲೆ ಗಿಡ ನೆಟ್ಟವರಿಗೆ ಆ ಗಿಡವೇ ಸಾಕ್ಷಿಯಾಗಿ ನಿಲ್ಲುತ್ತದೆ. ಕಾಡನ್ನು ಕಡಿಯದೆ ಅದರೊಳಗೇ ಬಾಳಿದವರಿಗೆ ಉಳಿದ ಕಾಡೇ ಎದುರು ಸಾಕ್ಷಿಯಾಗುತ್ತದೆ.

ಲೈನ್ ಮನೆಯ ಲೆಕ್ಕ

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ದೇಶದ ಒಟ್ಟು ಇಳುವರಿಯ ಮೂರನೇ ಒಂದು ಪಾಲಿನಷ್ಟನ್ನು ಕೊಡಗು ಒಂದೇ ಕೊಡುತ್ತದೆ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಪುಡಿ ಅಂಗಡಿಯ ಮುಂದೆ ನಿಂತು ಪೀಬೆರಿ ಎಷ್ಟು, ಚಿಕೋರಿ ಎಷ್ಟು ಎಂದು ಹೇಳಿ ಬೀಸಿಸಿಕೊಳ್ಳುವ ನಾವು ಈ ಬೆಳೆಯ ಹಿಂದಿನ ಭೂಮಿಯ ಕಥೆಯನ್ನು ಹೆಚ್ಚು ಕೇಳಿದವರಲ್ಲ.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. 1850ರ ದಶಕದಿಂದ ಯುರೋಪಿಯನ್ ಎಸ್ಟೇಟ್‌ಗಳು ಬೆಟ್ಟದ ಇಳಿಜಾರುಗಳನ್ನು ಹಿಡಿದವು. ಜೊತೆಜೊತೆಗೇ ಅರಣ್ಯ ಇಲಾಖೆ ಮೀಸಲು ಅರಣ್ಯಗಳ ಗಡಿ ಗುರುತು ಮಾಡಿತು. ಹೀಗೆ ಒಂದು ಕಡೆಯಿಂದ ತೋಟ, ಇನ್ನೊಂದು ಕಡೆಯಿಂದ ಮೀಸಲು ಅರಣ್ಯದ ಬೇಲಿ. ನಡುವೆ ಇದ್ದವರಿಗೆ ಕಾಲಿಡಲು ಜಾಗವಿಲ್ಲ. ತೋಟ ಬರುವ ಮುಂಚೆ ಎಲ್ಲವೂ ಚೆನ್ನಾಗಿತ್ತು ಎನ್ನುವ ಹಾಗೂ ಇಲ್ಲ. ಯರವರು ಅದಕ್ಕೂ ಮೊದಲೇ ಗದ್ದೆಯ ಒಡೆಯರ ಕೈಕೆಳಗೆ ಜೀತದಲ್ಲಿದ್ದವರು. ನೆಲದ ಜೊತೆಗೆ ಅವರನ್ನೂ ಕೊಟ್ಟು ಕೊಳ್ಳುತ್ತಿದ್ದ ಕಾಲವೊಂದಿತ್ತು. ಜೇನು ಕುರುಬರ ಸ್ಥಿತಿ ಬೇರೆ. ಅವರು ಕಾಡಿನಲ್ಲಿ ಜೇನು, ಗೆಡ್ಡೆ, ಸೀಗೆ, ಒಂದಿಷ್ಟು ರಾಗಿ ಎಂದು ಬದುಕಿದವರು. ಕಾಫಿ ಈ ಎರಡೂ ಬಗೆಯ ಜನರನ್ನು ಕೊನೆಗೆ ಒಂದೇ ಸಾಲಿನ ಮನೆಗಳಿಗೆ ತಂದು ಸೇರಿಸಿತು.

ಆ ಸಾಲಿಗೆ ಲೈನ್ ಮನೆ ಎನ್ನುತ್ತಾರೆ. ತೋಟದೊಳಗೆ ಉದ್ದಕ್ಕೆ ಒಂದೇ ಗೋಡೆ ಹಂಚಿಕೊಂಡ ಕೋಣೆಗಳು, ಮುಂದೊಂದು ಕಿರಿದಾದ ಜಗುಲಿ. ಮನೆ ಸಾಹುಕಾರರದು. ಕೆಲಸ ಇರುವವರೆಗೆ ಮನೆ. ಕೆಲಸ ಬಿಟ್ಟ ದಿನ ಅದೂ ಇಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕೆಂದು ವಿಧಿಸಿದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಭೂಮಿಯೇ ಇಲ್ಲದವರಿಗೆ ಆ ವಸತಿಯೇ ಕಟ್ಟಿಹಾಕುವ ಹಗ್ಗವೂ ಆಯಿತು. ಮುಂಗಡ ತೀರುವವರೆಗೆ ಹೊರಡುವಂತಿಲ್ಲ, ಹೊರಟರೆ ಹೋಗಲು ಜಾಗವಿಲ್ಲ.

ಇದರ ಪೂರ್ತಿ ಪರಿಣಾಮ ತಿಳಿಯಬೇಕಾದರೆ ಅರಣ್ಯ ಹಕ್ಕಿನ ಅರ್ಜಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ವೈಯಕ್ತಿಕ ಹಕ್ಕಿಗೆ ನಮೂನೆ ಎ. ಜೊತೆಗೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಲಗತ್ತಿಸಬೇಕು. ಮತದಾರರ ಚೀಟಿ, ಪಡಿತರ ಚೀಟಿ, ಸರ್ಕಾರಿ ದಾಖಲೆಗಳು ನಡೆಯುತ್ತವೆ. ಅವು ಇಲ್ಲದಿದ್ದರೆ ಮನೆಯ ಗುರುತು, ಕಟ್ಟಿದ ಬದು, ತೋಡಿದ ಬಾವಿ, ಸಮಾಧಿ, ದೇವರ ಜಾಗ, ವಂಶಾವಳಿ, ಹಿರಿಯರು ಹೇಳಿ ಬರೆಸಿದ ಮಾತು, ಇವೂ ನಡೆಯುತ್ತವೆ. ಕಾನೂನು ಬರೆದವರು ಕಾಡಿನ ಬದುಕನ್ನು ಬಲ್ಲವರು ಎನ್ನಲು ಈ ಪಟ್ಟಿಯೇ ಸಾಕು. ಆದರೆ ಎರಡು ತಲೆಮಾರು ಲೈನ್ ಮನೆಯಲ್ಲಿ ಕಳೆದ ಕುಟುಂಬದ ಮಟ್ಟಿಗೆ ಇದನ್ನು ಓದಿ ನೋಡಿ. ಪಡಿತರ ಚೀಟಿಗೆ ವಿಳಾಸ ಬೇಕು, ವಿಳಾಸ ಸಾಹುಕಾರರ ತೋಟದ್ದು. ಅವರು ಒಪ್ಪದಿದ್ದರೆ ಚೀಟಿ ಆಗುವುದಿಲ್ಲ. ಹಳೆಯ ಹಾಡಿಯ ಬಾವಿ ಮುಚ್ಚಿಹೋಗಿದೆ. ಸಮಾಧಿಗಳು ಇರುವುದು ಈಗ ಒಳಗೆ ಬಿಡದ ಅರಣ್ಯದಲ್ಲೋ, ಬೇಲಿ ಹಾಕಿದ ತೋಟದಲ್ಲೋ. ಕಾಡಿನಲ್ಲಿ ಹುಟ್ಟಿದ್ದೆ ಎಂದು ಹೇಳಬಲ್ಲ ಅಜ್ಜಿಗೆ ಎಂಬತ್ತು ದಾಟಿದೆ, ಅವರ ಮಾತನ್ನು ಬರೆದುಕೊಳ್ಳಲು ಬರಬೇಕಾದ ಸಮಿತಿ ಬಂದಿಲ್ಲ. ಒಮ್ಮೆ ಕಳೆದುಕೊಂಡ ನೆಲವನ್ನು ಮತ್ತೆ ಕೇಳಲು ಏನೇನು ಬೇಕೋ ಅದನ್ನೆಲ್ಲ ಲೈನ್ ಮನೆ ಒಂದೊಂದಾಗಿ ಇಲ್ಲವಾಗಿಸುತ್ತದೆ.

ದಿಡ್ಡಳ್ಳಿಯಲ್ಲಿ ಕೇಳಿದ್ದು

2016ರಲ್ಲಿ ಕೊಡಗಿನ ಸಿದ್ದಾಪುರ ಹತ್ತಿರದ ದಿಡ್ಡಳ್ಳಿಗೆ ನೂರಾರು ಕುಟುಂಬಗಳು ಬಂದು ಗುಡಿಸಲು ಹಾಕಿಕೊಂಡವು. ಹೆಚ್ಚಿನವರು ತೋಟಗಳ ಲೈನ್ ಮನೆಗಳಿಂದ ಹೊರಬಂದ ಯರವರು, ಜೇನು ಕುರುಬರು, ಪಣಿಯರು. ಅದೇ ವರ್ಷ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಪೊಲೀಸರ ರಕ್ಷಣೆಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿತು. ದೇವಮಚ್ಚಿ ಮೀಸಲು ಅರಣ್ಯದ ಅತಿಕ್ರಮಣ ಎಂಬುದು ಇಲಾಖೆಯ ಮಾತು. ಇದು ಪೈಸಾರಿ, ಕಂದಾಯದ ಜಾಗ ಎಂಬುದು ಹೋರಾಟಗಾರರ ಮಾತು. ಡಿಸೆಂಬರಿನ ಚಳಿಯಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಬಯಲಲ್ಲಿ ಕೂತ ತಾಯಂದಿರ ಚಿತ್ರಗಳು ಬೆಂಗಳೂರಿನ ಪತ್ರಿಕೆಗಳಲ್ಲಿ ಬಂದ ಮೇಲೆ ರಾಜ್ಯದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಹೋದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿಯಾಯಿತು. ನಿವೇಶನ, ಮನೆ ಸಿಕ್ಕವು. ಸಾಗುವಳಿಗೆ ನೆಲ ಬೇಕೆಂಬ ಮೂಲ ಬೇಡಿಕೆ ಉಳಿದುಕೊಂಡಿತು.

ಪೈಸಾರಿ ಎಂದರೆ ಕೊಡಗಿನಲ್ಲಿ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ. ಕಂದಾಯ ಇಲಾಖೆ, ಅರಣ್ಯ ಇಲಾಖೆ ನಡುವೆ ಇದರ ಬಗ್ಗೆ, ಸಾಗುವಳಿಗೆ ಒಗ್ಗದ್ದೆಂದು ಕಾಗದದಲ್ಲಿ ಬರೆದ ಸಿ ಮತ್ತು ಡಿ ವರ್ಗದ ಜಮೀನಿನ ಬಗ್ಗೆ ದಶಕಗಳ ತಕರಾರಿದೆ. ಈ ತಕರಾರು ಎಲ್ಲರಿಗೂ ಒಂದೇ ರೀತಿ ತಟ್ಟುವುದಿಲ್ಲ. ತೋಟದ ಪಕ್ಕದ ಸರ್ಕಾರಿ ಜಾಗಕ್ಕೆ ಕಾಫಿ ಗಿಡ ಹಬ್ಬಿದಾಗ ಅದು ಇಪ್ಪತ್ತು ವರ್ಷ ಸುಮ್ಮನೆ ಬೆಳೆಯುತ್ತದೆ, ಆಮೇಲೆ ಗುತ್ತಿಗೆಯ ಅರ್ಜಿಯಾಗುತ್ತದೆ. ಅಂಥದ್ದೇ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಎದ್ದರೆ ಕೆಲವೇ ತಿಂಗಳಲ್ಲಿ ಜೆಸಿಬಿ ಬರುತ್ತದೆ. ಗುತ್ತಿಗೆ ನೀತಿಯನ್ನು ಕೊಡಗಿನ ಭೂಹೀನರು, ದಲಿತ ಮತ್ತು ಆದಿವಾಸಿ ಸಂಘಟನೆಗಳು ವಿರೋಧಿಸಿದ್ದು ಈ ಕಾರಣಕ್ಕೆ. ಹಂಚಲು ಜಾಗವೇ ಇಲ್ಲ ಎಂದು ವರ್ಷಗಟ್ಟಲೆ ಹೇಳಿಸಿಕೊಂಡವರ ಕಣ್ಣೆದುರಿಗೇ ಹಂಚಬಹುದಾದ ಜಾಗದ ಪಟ್ಟಿ ತಯಾರಾಗುತ್ತಿದೆ.

ಸರ್ಕಾರದ ವಾದವನ್ನೂ ನೋಡೋಣ. ಒತ್ತುವರಿ ಮಾಡಿದವರೆಲ್ಲ ದೊಡ್ಡ ಕುಳಗಳಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಎರಡು ಎಕರೆ ಪಟ್ಟಾ ಜಮೀನಿನ ಅಂಚಿನಲ್ಲಿ ಅರ್ಧ ಎಕರೆ ಸರ್ಕಾರಿ ಜಾಗಕ್ಕೂ ಮೆಣಸು ಹಬ್ಬಿಸಿಕೊಂಡ ಕುಟುಂಬವನ್ನು ಎಬ್ಬಿಸಿ ಎಂದು ಯಾರೂ ಕೇಳುತ್ತಿಲ್ಲ. ನಾನಂತೂ ಕೇಳುವುದಿಲ್ಲ. ಆದರೆ ಅಂಥವರಿಗಾಗಿ ಮಾಡಿದ ಕಾನೂನಿಗೆ 25 ಎಕರೆಯ ಮಿತಿ ಯಾಕೆ ಬೇಕಿತ್ತು? ಎರಡು-ಮೂರು ಎಕರೆಗೆ ನಿಲ್ಲಿಸಬಹುದಿತ್ತಲ್ಲ. 25 ಎಕರೆ ಎಂದರೆ ಹತ್ತು ಹೆಕ್ಟೇರ್. ಒಬ್ಬ ಸಣ್ಣ ಬೆಳೆಗಾರ ಹೊಂದಬಹುದಾದ ಇಡೀ ತೋಟದಷ್ಟು ವಿಸ್ತಾರವನ್ನು ಒತ್ತುವರಿಯ ಬಾಬ್ತಿನಲ್ಲೇ ಬಿಟ್ಟುಕೊಡಬಹುದು ಎಂದಾಯಿತು. ಅದೇ ತಾಲ್ಲೂಕಿನ ಭೂಹೀನ ಆದಿವಾಸಿಗೆ ಒಂದು ನಿವೇಶನ ಕೊಟ್ಟರೆ ಅದನ್ನು ಸಾಧನೆ ಎಂದು ಬರೆದುಕೊಳ್ಳುತ್ತೇವೆ.

ಸರ್ಕಾರವೇ ಬೆಳೆಸಿದ ತೋಪುಗಳು

ತೋಟ ಎಂದಾಗ ಖಾಸಗಿ ಎಸ್ಟೇಟ್ ಮಾತ್ರ ಕಣ್ಣಿಗೆ ಬರುತ್ತದೆ. ಕರ್ನಾಟಕದಲ್ಲಿ ಅತಿ ದೊಡ್ಡ ತೋಟಗಾರ ಸರ್ಕಾರವೇ. ನಾಗರಹೊಳೆಯಲ್ಲಿ ಸಫಾರಿಗೆ ಹೋದವರು ರಸ್ತೆಯ ಎರಡೂ ಬದಿಗೆ ಸಾಲು ಹಿಡಿದು ನಿಂತ ತೇಗ ನೋಡಿರುತ್ತಾರೆ. ಅದು ತಾನಾಗಿ ಬೆಳೆದ ಕಾಡಲ್ಲ, ಇಲಾಖೆ ನೆಟ್ಟ ನೆಡುತೋಪು. ಸಸಿಗಳ ನಡುವೆ ಒಂದೆರಡು ವರ್ಷ ರಾಗಿ ಬೆಳೆದುಕೊಳ್ಳಲು ಬಿಟ್ಟು, ಆ ಆಸೆಯಲ್ಲಿ ಕಾಡಿನವರಿಂದಲೇ ತೇಗ ನೆಡಿಸುವ ಪದ್ಧತಿ ಇಲಾಖೆಯಲ್ಲಿ ಬಹುಕಾಲ ಇತ್ತು. ತೇಗ ಎತ್ತರಕ್ಕೆ ಬಂದ ಮೇಲೆ ಆ ಜಾಗ ಮೀಸಲು ಅರಣ್ಯ, ಆಮೇಲೆ ರಾಷ್ಟ್ರೀಯ ಉದ್ಯಾನ, ಆಮೇಲೆ ಹುಲಿ ಸಂರಕ್ಷಿತ ಪ್ರದೇಶ. ನೆಟ್ಟ ಕೈಗಳು ಕೊಡಗಿನ ಕಾಫಿ ತೋಟಗಳಿಗೂ ಹೆಗ್ಗಡದೇವನಕೋಟೆ, ಹುಣಸೂರಿನ ಕಡೆಗೂ ಹೋದವು. ಹೈಕೋರ್ಟ್ ನಿರ್ದೇಶನದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ ನಾಗರಹೊಳೆ ಸುತ್ತಲಿನ ಅರಣ್ಯಗಳಿಂದ ಸ್ಥಳಾಂತರಗೊಂಡವರ ಲೆಕ್ಕ ಹಾಕಿ 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಬೇಕಾದ ಕುಟುಂಬಗಳ ಸಂಖ್ಯೆ 3,418 ಎಂದು ಆ ವರದಿ ಹೇಳಿತ್ತು. ಅದಾಗಿ ಹತ್ತು ವರ್ಷ ಮೀರಿದೆ.

ಬಯಲುಸೀಮೆಯಲ್ಲಿ ಇದೇ ಕೆಲಸ ನೀಲಗಿರಿ ಗಿಡದಿಂದ ಆಯಿತು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ವರ್ಗದ ಜಮೀನನ್ನು ಅದಕ್ಕೆ ಬಿಟ್ಟುಕೊಡಲು ಹೊರಟಿತು. ಕಾಗದದಲ್ಲಿ ಅದು ಪಾಳು ಭೂಮಿ. ಊರಿನವರ ಪಾಲಿಗೆ ದನ ಮೇಯಿಸುವ, ಸೌದೆ ತರುವ, ಸೊಪ್ಪು ಕಡಿಯುವ ಜಾಗ. ಸಮಾಜ ಪರಿವರ್ತನ ಸಮುದಾಯ ಸಂಘಟಿಸಿದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ 1987ರ ನವೆಂಬರ್ 14ರಂದು ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟ್‌ಗೆ ಹೋದರು. 1991ರಲ್ಲಿ ಕಂಪನಿ ಮುಚ್ಚಿತು. ಜನ ಗೆದ್ದ ಅಪರೂಪದ ಪ್ರಕರಣ ಅದು. ಗೆದ್ದದ್ದಕ್ಕೆ ಒಂದು ಕಾರಣ, ಅಲ್ಲಿ ಊರು ಒಟ್ಟಾಗಿ ಎದ್ದಿತು, ಆ ಊರಿಗೆ ಹೆಸರೂ ಸರ್ವೆ ನಂಬರೂ ಇದ್ದವು. ಹಾಡಿಗೆ ಇವೆರಡೂ ಇರುವುದಿಲ್ಲ.

ಮಲೆನಾಡಿನಲ್ಲಿ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ಗೆ 40 ವರ್ಷಕ್ಕೆ ಕೊಟ್ಟಿದ್ದ 20 ಸಾವಿರ ಹೆಕ್ಟೇರ್‌ಗೂ ಹೆಚ್ಚಿನ ಅರಣ್ಯದ ಗುತ್ತಿಗೆ 2020ರಲ್ಲಿ ಮುಗಿಯಿತು. ಕಾರ್ಖಾನೆ ಆಗಲೇ ನಿಂತು ವರ್ಷಗಳಾಗಿದ್ದವು. ಆದರೂ ಸರ್ಕಾರ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ವಿಸ್ತರಿಸಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಹುಟ್ಟಿದ್ದು ಆಗ. ಕಾಗದ ಮಾಡದ ಕಾರ್ಖಾನೆಯ ಹೆಸರಿನಲ್ಲಿ ನೆಡುತೋಪಿಗೆ ಜಾಗ ಸಲೀಸಾಗಿ ಸಿಗುತ್ತದೆ, ಅದೇ ಜಿಲ್ಲೆಯಲ್ಲಿ ಅರಣ್ಯ ಹಕ್ಕಿನ ಅರ್ಜಿಗಳು ಸಾವಿರಗಟ್ಟಲೆ ತಿರಸ್ಕೃತವಾಗುತ್ತವೆ.

ಪರಿಹಾರಾತ್ಮಕ ಅರಣ್ಯೀಕರಣ ಇದರ ಈಗಿನ ರೂಪ. ಗಣಿಗೋ ರಸ್ತೆಗೋ ಕಾಡು ಕಡಿದರೆ ಬೇರೆಡೆ ಗಿಡ ನೆಡಬೇಕು. ಅದಕ್ಕೆಂದು ಕೂಡಿಟ್ಟ ಹಣದಲ್ಲಿ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚನ್ನು ಕೇಂದ್ರ 2019ರಲ್ಲಿ ರಾಜ್ಯಗಳಿಗೆ ಹಂಚಿತು. ಇಷ್ಟು ಹಣಕ್ಕೆ ಇಷ್ಟು ಗಿಡ ನೆಡಲು ಖಾಲಿ ಜಾಗ ಎಲ್ಲಿದೆ? ದನ ಮೇಯುವ ಹುಲ್ಲುಗಾವಲು, ಒಂದು ವರ್ಷ ಬಿತ್ತದೆ ಬಿಟ್ಟ ತುಂಡು ನೆಲ, ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗದ ಜಾಗ, ಇವೇ ಖಾಲಿಯಾಗಿ ಕಾಣುತ್ತವೆ. ಅಗಳು ತೋಡಿ ಸಸಿ ನೆಟ್ಟರೆ ಮುಂದಿನ ವರ್ಷದ ಸ್ಥಳ ತನಿಖೆಯಲ್ಲಿ ಅಲ್ಲಿ ಸಾಗುವಳಿ ಇರುವುದಿಲ್ಲ, ನೆಡುತೋಪು ಇರುತ್ತದೆ.

ಮೇಲಿನಿಂದ ತೆಗೆದ ಚಿತ್ರ

2025ರ ಮೇ 5ರಂದು ಐವತ್ತಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ನಾಗರಹೊಳೆ ಉದ್ಯಾನದೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋದವು. 1980ರ ದಶಕದಲ್ಲಿ ಅಲ್ಲಿಂದ ಹೊರಹಾಕಲ್ಪಟ್ಟು ಕಾಫಿ ತೋಟಗಳಲ್ಲಿ ದುಡಿದವರು ಇವರು. ನಮ್ಮ ದೇವರು, ನಮ್ಮ ಹಿರಿಯರ ಸಮಾಧಿ ಇರುವ ಜಾಗ ಇದು ಎಂದು ಗುಡಿಸಲು ಕಟ್ಟಲು ತೊಡಗಿದರು. ಅರಣ್ಯ ಸಿಬ್ಬಂದಿ, ಪೊಲೀಸರು ಬಂದು ನಿಂತರು. ಬೆಂಗಳೂರಿನಲ್ಲಿ ನನ್ನ ಪರಿಚಯದ ವನ್ಯಜೀವಿ ಪ್ರಿಯರು ಹಲವರು ಇದನ್ನು ಹೊಸ ಅತಿಕ್ರಮಣ ಎಂದೇ ಕರೆದರು. ಹುಲಿಯ ಬಗ್ಗೆ ಅವರ ಕಾಳಜಿ ನಿಜವಾದದ್ದು. ಕಾನೂನು ಏನು ಹೇಳುತ್ತದೆ ಎಂಬುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಅರಣ್ಯ ಹಕ್ಕು ಕಾಯ್ದೆಯ 3(1)(ಎಂ) ಕಲಂ, 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೂ ಹಕ್ಕಿದೆ ಎನ್ನುತ್ತದೆ. ಪರ್ಯಾಯ ಭೂಮಿಯೂ ಅದರಲ್ಲಿ ಸೇರಿದೆ. ತೋಟಕ್ಕೆ ಹೋದವರು ಕಾಡಿನವರಲ್ಲ ಎಂಬ ವಾದಕ್ಕೆ ಈ ಕಲಂ ಎದುರಿಗೆ ನಿಲ್ಲಲು ಆಗುವುದಿಲ್ಲ. ರಾಷ್ಟ್ರೀಯ ಉದ್ಯಾನವೂ ಈ ಕಾಯ್ದೆಯ ವ್ಯಾಪ್ತಿಯಲ್ಲೇ ಇದೆ.

ಇಂಥ ಅರ್ಜಿಗಳಿಗೆ ದೊಡ್ಡ ಅಡ್ಡಿ ಉಪಗ್ರಹ ಚಿತ್ರ. 2005ರ ಚಿತ್ರ ತೆಗೆದು ನೋಡಿದರೆ ಅಲ್ಲಿ ಹಸಿರು ಮಾತ್ರ ಕಾಣುತ್ತದೆ, ಮನೆ ಕಾಣುವುದಿಲ್ಲ. ಬಿದಿರು, ಹುಲ್ಲಿನ ಗುಡಿಸಲು ಮರದ ನೆರಳಿನ ಕೆಳಗಿದ್ದರೆ ಆಕಾಶದಿಂದ ಹೇಗೆ ಕಾಣಬೇಕು? ಒಕ್ಕಲೆಬ್ಬಿಸಿದ ಮೇಲಿನ ಚಿತ್ರದಲ್ಲಂತೂ ಇರಲು ಸಾಧ್ಯವೇ ಇಲ್ಲ. 2012ರಲ್ಲಿ ತಿದ್ದಿದ ನಿಯಮಗಳು ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿಗೆ ನಿಲ್ಲಬಾರದು ಎಂದು ಹೇಳಿವೆ. ಆದರೂ ತಿರಸ್ಕಾರದ ಹಿಂಬರಹಗಳಲ್ಲಿ ಉಪಗ್ರಹವೇ ಕೊನೆಯ ಮಾತಾಗುತ್ತದೆ.

ಈಗ ಅದೇ ಚಿತ್ರವನ್ನು ಪಕ್ಕದ ಕಾಫಿ ತೋಟದ ಮೇಲೆ ಹಿಡಿಯಿರಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಅಲ್ಲಿ ಮಾರುವಂತಿಲ್ಲ. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ನಮ್ಮ ಕಾಫಿಯ ದೊಡ್ಡ ಪಾಲು ಯುರೋಪಿಗೇ ಹೋಗುವುದರಿಂದ ಕಾಫಿ ಮಂಡಳಿ ತೋಟಗಳ ನೋಂದಣಿಗೆ ಇಳಿದಿದೆ. ನಮ್ಮ ಕಾಫಿ ನೆರಳಿನ ಕಾಫಿ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಕೆಲವೆಡೆ ಹಳೆಯ ಕಾಡುಮರಗಳು. ಆಕಾಶದಿಂದ ಅದು ಕಾಡಿನಂತೆಯೇ ಕಾಣುತ್ತದೆ, ತೋಟ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಮರದ ನೆರಳು ತೋಟಕ್ಕೆ ಒಳ್ಳೆಯ ಹೆಸರು ತರುತ್ತದೆ. ಜೇನು ಕುರುಬರ ಮನೆಯನ್ನು ಮರೆಮಾಚುವುದೂ ಆ ನೆರಳೇ. ಆ ಯುರೋಪಿಯನ್ ನಿಯಮದಲ್ಲಿ ಕಾಫಿ ಬೆಳೆದ ದೇಶದ ಭೂ ಹಕ್ಕಿನ ಕಾನೂನುಗಳನ್ನೂ ಪಾಲಿಸಿರಬೇಕು ಎಂಬ ಷರತ್ತಿದೆ. ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ, ಚರ್ಚೆಯೆಲ್ಲ ಮರದ ಲೆಕ್ಕಕ್ಕೇ ನಿಂತಿದೆ.

ತಾಳೆಯ ಸರದಿ

ಇನ್ನು ಎಣ್ಣೆ ತಾಳೆ. ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಬೇಕರಿ ಬಿಸ್ಕತ್ತಿನಿಂದ ರಸ್ತೆಬದಿಯ ಬೋಂಡಾದವರೆಗೆ ಪಾಮೆಣ್ಣೆ ಇದೆ. ಆಮದು ತಗ್ಗಿಸಲು ಕೇಂದ್ರ 2021ರಲ್ಲಿ 11,040 ಕೋಟಿ ರೂಪಾಯಿಯ ಯೋಜನೆ ಮಾಡಿ, ಹೊಸದಾಗಿ 6.5 ಲಕ್ಷ ಹೆಕ್ಟೇರ್‌ನಲ್ಲಿ ತಾಳೆ ಬೆಳೆಸುವ ಗುರಿ ಇಟ್ಟಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು, 3.28 ಲಕ್ಷ ಹೆಕ್ಟೇರ್, ಈಶಾನ್ಯ ರಾಜ್ಯಗಳಲ್ಲಿ. ಅಲ್ಲಿನ ಬೆಟ್ಟಗಳಲ್ಲಿ ಬಹುಪಾಲು ನೆಲ ಬುಡಕಟ್ಟುಗಳದ್ದು, ಊರಿನ ಒಟ್ಟು ಆಸ್ತಿ. ಈ ವರ್ಷ ಒಂದು ಇಳಿಜಾರಿನಲ್ಲಿ ಬಿತ್ತಿ, ಮುಂದೆ ಅದನ್ನು ಕಾಡಿಗೆ ಬಿಟ್ಟು ಇನ್ನೊಂದಕ್ಕೆ ಹೋಗುವ ಜೂಮ್ ಬೇಸಾಯದಲ್ಲಿ ಯಾರಿಗೂ ಕಾಯಂ ತುಂಡು ಇರುವುದಿಲ್ಲ. ತಾಳೆ ಹಾಗಲ್ಲ, ಒಮ್ಮೆ ನೆಟ್ಟರೆ 25-30 ವರ್ಷ ಅಲ್ಲೇ ಇರುತ್ತದೆ. ಸಬ್ಸಿಡಿ, ಸಾಲ ಎರಡಕ್ಕೂ ಒಬ್ಬರ ಹೆಸರಿನ ಕಾಗದ ಬೇಕು. ಹೀಗೆ ಯಾರನ್ನೂ ಒಕ್ಕಲೆಬ್ಬಿಸದೆ, ಪೊಲೀಸರನ್ನೂ ಕರೆಸದೆ, ಊರಿನ ನೆಲ ಕೆಲವರ ಹೆಸರಿಗೆ ಸೇರುತ್ತದೆ. ಆ ಹೆಸರು ಸಾಮಾನ್ಯವಾಗಿ ಗಂಡಸರದು. ಜೂಮ್ ಹೊಲದಲ್ಲಿ ಬೀಜ ಆರಿಸಿ ಬಿತ್ತುತ್ತಿದ್ದ ಹೆಂಗಸರ ಪಾಲಿಗೆ ನೆಲವೇ ಇಲ್ಲ. ಕಿತ್ತ ಗೊನೆಯನ್ನು ಒಂದೆರಡು ದಿನದೊಳಗೆ ಗಿರಣಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಎಣ್ಣೆ ಕೆಡುತ್ತದೆ. ರಸ್ತೆ ಕುಸಿಯುವ ಬೆಟ್ಟದಲ್ಲಿ ಇದು ಆಗದ ಮಾತು. ಮಿಜೋರಾಂನಲ್ಲಿ ಎಷ್ಟೋ ಬೆಳೆಗಾರರು ತಾಳೆ ಕೈಬಿಟ್ಟದ್ದು ಇದರಿಂದಲೇ. ಬೆಳೆ ಬಿಟ್ಟರೂ ನೆಲ ಹಳೆಯ ಒಡೆತನಕ್ಕೆ ಮರಳುವುದಿಲ್ಲ.

ಇದೇ ಪಾಠವನ್ನು ಇಂಡೊನೇಷ್ಯಾ ದೊಡ್ಡ ಪ್ರಮಾಣದಲ್ಲಿ ಕಲಿತಿದೆ. ಅಲ್ಲಿನ 1960ರ ಭೂ ಕಾನೂನಿನಂತೆ ಕಂಪನಿಗೆ ತೋಟದ ಗುತ್ತಿಗೆ ಸಿಗಬೇಕಾದರೆ ಆ ನೆಲ ಸರ್ಕಾರದ್ದಾಗಬೇಕು. ಗುತ್ತಿಗೆ ಮುಗಿದಾಗಲೂ ಅದು ಸರ್ಕಾರಕ್ಕೇ ಹೋಗುತ್ತದೆ, ಬಿಟ್ಟುಕೊಟ್ಟ ಊರಿಗಲ್ಲ. ಒಂದು ತಲೆಮಾರಿಗೆ ಬಾಡಿಗೆ ಕೊಡುತ್ತಿದ್ದೇವೆ ಅಂದುಕೊಂಡು ಒಪ್ಪಿದವರು ಶಾಶ್ವತವಾಗಿ ಕಳೆದುಕೊಂಡಿದ್ದಾರೆ. 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ರೂಢಿಯ ಹಕ್ಕಿನ ಕಾಡು ಸರ್ಕಾರಿ ಕಾಡಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪು ದೊಡ್ಡದು, ಆದರೆ ಅದರಂತೆ ಗುರುತಿಸಿ ಮರಳಿಸಿದ ಕಾಡು ತಾಳೆ ಹಬ್ಬಿದ ವಿಸ್ತಾರದ ಮುಂದೆ ತೀರಾ ಚಿಕ್ಕದು. ನಮ್ಮಲ್ಲೇ ಲಿಟಲ್ ಅಂಡಮಾನ್‌ನಲ್ಲಿ ಓಂಗೆ ಬುಡಕಟ್ಟಿನವರ ಕಾಡು ಕಡಿದು ತಾಳೆ ಹಾಕಿ, ಕೊನೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಬೇಕಾಯಿತು. 2021ರ ಯೋಜನೆಯಲ್ಲಿ ಅಂಡಮಾನ್ ಮತ್ತೆ ಸೇರಿಕೊಂಡಿದೆ.

ಬಿಳಿಗಿರಿಯ ಕಾಫಿ

ತೋಟವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ಪೋಡುಗಳ ಸುತ್ತ ಕಾಫಿ, ಮೆಣಸು ಬೆಳೆಯುತ್ತಾರೆ. ಅದೇ ಬೆಟ್ಟದ ಮೇಲ್ಭಾಗದಲ್ಲಿ ಬ್ರಿಟಿಷರ ಕಾಲದಿಂದ ಬಂದ ದೊಡ್ಡ ಎಸ್ಟೇಟ್‌ಗಳೂ ಇವೆ. 1974ರಲ್ಲಿ ವನ್ಯಧಾಮ ಘೋಷಣೆಯಾದಾಗ ಸೋಲಿಗರ ಬೇಸಾಯಕ್ಕೆ, ಬೇಟೆಗೆ, ಕಾಡಿಗೆ ಹಾಕುತ್ತಿದ್ದ ತರಗು ಬೆಂಕಿಗೆ ತಡೆ ಬಿತ್ತು, ಎಸ್ಟೇಟ್‌ಗಳು ಮುಂದುವರಿದವು. ತರಗು ಬೆಂಕಿ ನಿಂತ ಮೇಲೆ ಲಂಟಾನ ಬೆಟ್ಟವನ್ನೆಲ್ಲ ಆವರಿಸಿತು ಎನ್ನುತ್ತಾರೆ ಸೋಲಿಗರು. ಚಳಿ ಮುಗಿಯುವ ಹೊತ್ತಿಗೆ ನೆಲದ ಎಲೆ ಮಾತ್ರ ಉರಿಯುವಂತೆ ಹಾಕುತ್ತಿದ್ದ ಸಣ್ಣ ಬೆಂಕಿ ಅದು. ಪೊದೆಯ ಮೊಳಕೆ ಅದರಲ್ಲೇ ಸತ್ತು ಹುಲ್ಲು, ನೆಲ್ಲಿ ಉಳಿಯುತ್ತಿದ್ದವು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇಂಥ ಹಕ್ಕು ಸಿಕ್ಕ ಮೊದಲ ಉದಾಹರಣೆ ಅದು. ಜೇನು, ನೆಲ್ಲಿ, ಪಾಸೆ (ಕಲ್ಲುಹೂವು) ಸಂಗ್ರಹಕ್ಕೆ ಈಗ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಕಾಗದ ಹೇಳುತ್ತದೆ. ಇಲಾಖೆಯ ಜೊತೆ ಜಗಳ ಇನ್ನೂ ಇದೆ. ಆದರೆ ನಾಗರಹೊಳೆಯವರಿಗೂ ಇವರಿಗೂ ಇರುವ ವ್ಯತ್ಯಾಸ ದೊಡ್ಡದು. ಸೋಲಿಗರಲ್ಲಿ ಬಹಳಷ್ಟು ಜನ ಬೆಟ್ಟ ಬಿಟ್ಟು ಹೋಗಿರಲಿಲ್ಲ, ಕಾಫಿ ಅವರ ಕೈಯಲ್ಲಿತ್ತು, ಅವರು ಕಾಫಿಯವರ ಕೈಯಲ್ಲಿರಲಿಲ್ಲ. ನೆಲದ ಹಕ್ಕು ಮೊದಲು ಬಂದು ಬೆಳೆ ಆಮೇಲೆ ಬಂದರೆ ತೋಟ ಜೀವನೋಪಾಯವಾಗುತ್ತದೆ.

ಹಾಗಾಗಿ ಈಗ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಆಗಬೇಕಾದ್ದು ಕ್ರಮದ ಬದಲಾವಣೆ. ಅರಣ್ಯ ಹಕ್ಕು ಕಾಯ್ದೆಯ 4(5) ಕಲಂ ಹಕ್ಕುಗಳ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. 2019ರ ಫೆಬ್ರವರಿ 13ರಂದು, ಬೆಂಗಳೂರಿನ ವೈಲ್ಡ್‌ಲೈಫ್ ಫಸ್ಟ್ ಮುಖ್ಯ ಅರ್ಜಿದಾರರಾಗಿದ್ದ ಪ್ರಕರಣದಲ್ಲಿ, ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಿ ಎಂದಿದ್ದ ಸುಪ್ರೀಂ ಕೋರ್ಟ್ ಎರಡೇ ವಾರದಲ್ಲಿ ಆ ಆದೇಶವನ್ನು ತಡೆಹಿಡಿಯಿತು. ತಿರಸ್ಕಾರಗಳು ನಿಯಮದಂತೆ ನಡೆದಿವೆಯೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆಯಾಯಿತು. ಎಬ್ಬಿಸುವುದಕ್ಕೆ ಕಾಯಬೇಕು ಎನ್ನುವ ತರ್ಕ ಗುತ್ತಿಗೆಗೂ ಅನ್ವಯಿಸಬೇಕು. ಒಂದು ತಾಲ್ಲೂಕಿನಲ್ಲಿ ಆದಿವಾಸಿಗಳ ಅರ್ಜಿ, 3(1)(ಎಂ) ಕಲಮಿನ ಅರ್ಜಿಗಳೂ ಸೇರಿ, ಇತ್ಯರ್ಥವಾಗುವವರೆಗೆ ಅಲ್ಲಿನ ಸರ್ಕಾರಿ ಜಾಗವನ್ನು ತೋಟಕ್ಕೆ 30 ವರ್ಷ ಬರೆದುಕೊಡಬಾರದು. ಎರಡು-ಮೂರು ಎಕರೆಯ ಕುಟುಂಬಗಳನ್ನು ಮೊದಲು ಬೇರ್ಪಡಿಸಿ ಅವರದನ್ನು ಬೇಗ ಮುಗಿಸಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಉಳಿದ ಗುತ್ತಿಗೆ ಅರ್ಜಿಗಳ ಪಟ್ಟಿಯನ್ನು ಸರ್ವೆ ನಂಬರ್ ಸಮೇತ ಪ್ರತಿ ಹಾಡಿಯಲ್ಲಿ ಓದಿ ಹೇಳಬೇಕು, ಲೈನ್ ಮನೆಗಳಲ್ಲೂ ಹೇಳಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು. ತಹಶೀಲ್ದಾರರ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದರೆ ತೋಟದ ಕೆಲಸ ಬಿಟ್ಟು ಬಂದು ಅದನ್ನು ಓದುವವರಿಲ್ಲ. ಎಂಬತ್ತು ದಾಟಿದ ಹಿರಿಯರ ಹೇಳಿಕೆಗಳನ್ನು ಈ ವರ್ಷವೇ ಬರೆದುಕೊಳ್ಳಬೇಕು. ನಮೂನೆ ಎ ಅರ್ಜಿಗೆ ಲಗತ್ತಿಸಬಹುದಾದ ಸಾಕ್ಷ್ಯಗಳಲ್ಲಿ ಕಾಯಲು ಆಗದಿರುವುದು ಅದೊಂದೇ.